ಹಬ್ಬಕ್ಕೊಂದು ಅಂಗಳ

— ಮಾಷ್ಟ್ರೇ, ಊರಿಂದ ಯಾವಾಗ ಬಂದಿರಿ? ನೀವಿಲ್ಲದಾಗ ಇಲ್ಲಿ ದೊಡ್ಡ ಮೀಟಿಂಗ್ ಆಯಿತು. ಡಿಸೆಂಬರ್ 31ಕ್ಕೆ ಕ್ಲಬ್ ಹೌಸಿನಲ್ಲಿ ಡಿ.ಜೆ., ಊಟ, ಮಧ್ಯರಾತ್ರಿಗೆ ಕೇಕ್. ಮನೆಗಿಷ್ಟು ಅಂತ ವಂತಿಗೆ. ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ನಿಮ್ಮ ಹೆಸರು ಬರೆದುಕೊಳ್ಳಲಾ?

— ವಂತಿಗೆ ಕೊಡುತ್ತೇನೆ ತಂಗಿ, ಬರುವುದಿಲ್ಲ. ಮೊದಲು ಇದನ್ನು ಒಳಗಿಡು. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ಎಳ್ಳಮಾವಾಸ್ಯೆ ಮುಗಿಸಿಕೊಂಡು ಬೆಳಿಗ್ಗೆಯಷ್ಟೇ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದೆ.

— ಜನವರಿ ಒಂದು ನಮ್ಮ ಹೊಸವರ್ಷವೇ ಅಲ್ಲ ಅನ್ನುವ ಪೈಕಿಯಾ ನೀವೂ? ವಾಟ್ಸ್‌ಆ್ಯಪ್‌ನಲ್ಲಿ ಆ ಸಂದೇಶ ಆಗಲೇ ಓಡಾಡುತ್ತಾ ಉಂಟು.

— ಅಲ್ಲ. ದಿನಾಂಕದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಗಣಿತ ಕಲಿಸಿಕೊಂಡು ಬದುಕಿದವನು ನಾನು. ತಿರುಗುವ ಭೂಮಿಗೆ ಎಲ್ಲಿ ಗೆರೆ ಎಳೆದರೂ ಅದು ನಾವು ಎಳೆದ ಗೆರೆಯೇ. ಇಂಗ್ಲೆಂಡಿನಲ್ಲೇ 1751ರವರೆಗೆ ಕಾನೂನಿನ ಪ್ರಕಾರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಿಂದ ಜನವರಿ 1ಕ್ಕೆ ತಂದರು. ನಮ್ಮವರು ಅದನ್ನು ತಮ್ಮ ರೀತಿಯಲ್ಲಿ ಒಗ್ಗಿಸಿಕೊಂಡಿದ್ದಾರೆ. ಮೈಸೂರಿನ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಜನವರಿ 1ರಂದು ಲಕ್ಷಗಟ್ಟಲೆ ಲಡ್ಡು ಹಂಚುತ್ತಾರೆ. ಹಳ್ಳಿಗಳಲ್ಲಿ ಹುಡುಗಿಯರು 31ರ ರಾತ್ರಿ ನಿದ್ದೆಗೆಟ್ಟು ಬಾಗಿಲ ಮುಂದೆ ಬಣ್ಣದ ರಂಗೋಲಿ ಹಾಕಿ ‘ಹ್ಯಾಪಿ ನ್ಯೂ ಇಯರ್’ ಅಂತ ಬರೆಯುತ್ತಾರೆ. ಆ ರಂಗೋಲಿ ಕಂಡರೆ ನನಗೆ ಬಹಳ ಪ್ರೀತಿ.

— ಮತ್ತೆ ತಕರಾರು ಎಂತದ್ದು?

— ಜಾಗದ್ದು. ಹಬ್ಬ ಯಾವತ್ತು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಹೇಗೆ ಅಂತ ಕೇಳು. ನಮ್ಮ ದೇಶಕ್ಕೆ ಒಂದು ಅಧಿಕೃತ ರಾಷ್ಟ್ರೀಯ ಪಂಚಾಂಗ ಇದೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಲೆಕ್ಕ ಹಾಕಿ ಕೊಟ್ಟದ್ದು. 1957ರ ಮಾರ್ಚ್ 22ರಿಂದ ಜಾರಿಯಲ್ಲಿದೆ. ಅಂದು ಶಕ ವರ್ಷ 1879ರ ಚೈತ್ರ 1. ಹಗಲು ರಾತ್ರಿ ಸಮವಾಗುವ ಹೊತ್ತನ್ನು ಹಿಡಿದು ವರ್ಷ ಆರಂಭಿಸಿದ್ದಾರೆ, ಖಗೋಳದ ಕಣ್ಣಿನಲ್ಲಿ ಇದಕ್ಕಿಂತ ಚೊಕ್ಕ ಹೊಸವರ್ಷ ಸಿಗುವುದು ಕಷ್ಟ. ಗೆಜೆಟ್ಟಿನಲ್ಲಿ ಈ ತಾರೀಖು ಅಚ್ಚಾಗುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಮಾರ್ಚ್ 22ಕ್ಕೆ ಒಂದು ಹೋಳಿಗೆ ತಟ್ಟಿದ್ದನ್ನು ನೋಡಿದ್ದೀಯಾ?

— ಅದು ಹೊಸವರ್ಷ ಅಂತಲೇ ನನಗೆ ಗೊತ್ತಿರಲಿಲ್ಲ.

— ಗೊತ್ತಾಗುವುದಾದರೂ ಎಲ್ಲಿಂದ? ಆ ದಿನ ಯಾರ ಹೊಸ್ತಿಲಿಗೂ ಬರಲಿಲ್ಲ, ಯಾರ ಹೊಲಕ್ಕೂ ಇಳಿಯಲಿಲ್ಲ. ದೀಪಾವಳಿ ನೋಡು. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರುವಾದರೂ ನಮ್ಮ ಕಡೆ ಅಂಗಡಿಯವರು ಹೊಸ ಕೀರ್ದಿ ಪುಸ್ತಕಕ್ಕೆ ಕುಂಕುಮ ಇಡುವುದು ದೀಪಾವಳಿಗೇ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಪೂಜೆಗೆಂದು ಒಂದು ಕೆಂಪು ರಟ್ಟಿನ ಪುಸ್ತಕ ಕೊಳ್ಳುತ್ತಾರೆ. ಆ ಹೊಸವರ್ಷಕ್ಕೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಜಾಗ ಇದೆ, ಅದಕ್ಕೇ ಉಳಿದಿದೆ.

— ನಿಮ್ಮ ಎಳ್ಳಮಾವಾಸ್ಯೆಯ ಜಾಗ ಯಾವುದು? ಪ್ರತಿ ಸಲ ಹೋಳಿಗೆ ತಂದುಕೊಡುತ್ತೀರಿ, ಅಲ್ಲಿ ಏನು ನಡೆಯುತ್ತದೆ ಅಂತ ಹೇಳಿದ್ದೇ ಇಲ್ಲ.

— ಹೊಲ. ಮನೆಯಲ್ಲಿ ಅಡುಗೆ ಮಾಡುತ್ತೇವೆ, ಹಬ್ಬ ನಡೆಯುವುದು ಹೊಲದಲ್ಲಿ. ಮಾರ್ಗಶಿರ ಅಮಾವಾಸ್ಯೆ ಅಂದರೆ ಎರೆಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟ ಬಂದಿರುತ್ತದೆ. ಕಡಲೆ ಕಾಯಿ ಕಟ್ಟುತ್ತಿರುತ್ತದೆ, ಅದರ ಹುಳಿ ಕಾಲಿಗೆ ತಾಗಿ ಉರಿಯುತ್ತದೆ. ಹಿಂದಿನ ವಾರದಿಂದಲೇ ಊರಲ್ಲಿ ರೊಟ್ಟಿ ಬಡಿಯುವ ಸದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳು ಹೋಳಿಗೆ. ಇನ್ನು ಭಜ್ಜಿ: ಮೆಂತ್ಯ, ಕಡಲೆಸೊಪ್ಪು, ಹಸಿ ತೊಗರಿಕಾಳು, ಅವರೆ, ಗಜ್ಜರಿ, ಆ ಕಾಲಕ್ಕೆ ಏನೇನು ಹಸಿರು ಸಿಗುತ್ತದೋ ಎಲ್ಲ ಕೂಡಿಸಿ ಕುದಿಸಿ ಕಡಲೆಹಿಟ್ಟು ಕಲಸಿದ ಪಲ್ಯ. ಎಲ್ಲವನ್ನೂ ಬುಟ್ಟಿಗೆ ತುಂಬಿ ಬಂಡಿ ಹೂಡುತ್ತಿದ್ದೆವು. ಈಗ ಬಂಡಿ ಕಡಿಮೆ; ಟ್ರ್ಯಾಕ್ಟರ್, ಟಂಟಂ.

— ಹೋಗಿ ಎಂತ ಮಾಡುವುದು?

— ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಆಮೇಲೆ ಎಡೆಯನ್ನೆಲ್ಲ ಕಲಸಿ ಒಂದು ಬುಟ್ಟಿಗೆ ಹಾಕಿಕೊಂಡು ಹೊಲದ ಬದುವಿನ ಗುಂಟ ನಡೆಯುವುದು. ಮುಂದಿನವನು ಬೆಳೆಯ ಮೇಲೆ ಅನ್ನ ಚೆಲ್ಲುತ್ತಾ ಹೋಗುತ್ತಾನೆ, ಹಿಂದಿನವನು ನೀರು ಚಿಮುಕಿಸುತ್ತಾ ಕೂಗುತ್ತಾನೆ. ಅದೇ ಚರಗ. ತೆನೆ ಹಿಡಿಯುವ ಬೆಳೆ ಬಸುರಿ ಹೆಂಗಸು ಇದ್ದ ಹಾಗೆ, ಅವಳಿಗೆ ಬಯಕೆಯ ಊಟ. ಇಲಿ, ಇರುವೆ, ಹಕ್ಕಿಗೂ ಅದರಲ್ಲೇ ಪಾಲು. ನಾಲ್ಕು ಬದು ಸುತ್ತಿ ಬಂದ ಮೇಲೆ ಕಂಬಳಿ ಹಾಸಿಕೊಂಡು ನಮ್ಮ ಊಟ. ಈಗ ಮುಖ್ಯವಾದ ಮಾತು ಕೇಳು. ಕಲಬುರಗಿ, ಬೀದರ, ವಿಜಯಪುರದಂಥ ಪೇಟೆಯಲ್ಲೂ ಆ ಮಧ್ಯಾಹ್ನ ರಸ್ತೆ ಬಣಗುಡುತ್ತದೆ. ಹೊಲ ಇದ್ದವನು ಇಲ್ಲದವನನ್ನು ಕರೆಯಬೇಕು. ಬ್ಯಾಂಕಿಗೆ ವರ್ಗವಾಗಿ ಬಂದ ಕೇರಳದವನು, ತಾಲೂಕು ಆಸ್ಪತ್ರೆಯ ಡಾಕ್ಟರು, ಬಾಡಿಗೆ ಮನೆಯ ನೆರೆಯವರು. ಮೂರು ಹೊಲದಿಂದ ಕರೆ ಬಂದಿದ್ದರೆ ಮೂರು ಕಡೆಯೂ ಒಂದೊಂದು ತುತ್ತು ಉಣ್ಣಬೇಕು. ಹೊಲಕ್ಕೆ ಬಾಗಿಲು ಅಂತ ಇಲ್ಲವಲ್ಲ, ಹಾದಿಯಲ್ಲಿ ಹೋಗುವವನನ್ನೂ ಕೂಗಿ ಕೂರಿಸುತ್ತಾರೆ.

— ಕೇಳಲಿಕ್ಕೆ ಚಂದ ಉಂಟು ಮಾಷ್ಟ್ರೇ. ಆದರೆ ಎರಡು ಪ್ರಶ್ನೆ. ವಾರವಿಡೀ ರೊಟ್ಟಿ ಬಡಿದವರು ಯಾರು? ಮತ್ತೆ, ಹೊಲಕ್ಕೆ ಬಂದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರಾ?

— ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಇಲ್ಲ, ಕೂರುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಆ ಹೊಲವನ್ನು ಉತ್ತು, ಬಿತ್ತಿ, ಕಾಯ್ದ ಮನೆಯವರೇ ಬದುವಿನ ಆಚೆ ಕೂರುತ್ತಿದ್ದರು. ಅವರಿಗೆ ರೊಟ್ಟಿ ಮೇಲಿಂದ ಬೀಳುತ್ತಿತ್ತು. ಕೊಡುತ್ತಿದ್ದೆವು ಅನ್ನಲು ಬಾಯಿ ಬರುವುದಿಲ್ಲ. ಡಾಕ್ಟರಿಗೆ ಕಂಬಳಿ, ಅವರಿಗೆ ಬರೀ ನೆಲ. ಬಾಗಿಲಿಲ್ಲದ ಹೊಲಕ್ಕೂ ಹಾಗೆ ಒಂದು ಬದು ಇತ್ತು. ನಮ್ಮ ಹೊಲದಲ್ಲಿ ಅದು ನಿಂತು ಬಹಳ ವರ್ಷವಾಯಿತು. ನಿಂತದ್ದು ನಮ್ಮ ದೊಡ್ಡತನದಿಂದಲ್ಲ. ಅವರ ಮಕ್ಕಳು ಓದಿದರು, ‘ಹಾಗಾದರೆ ಬರುವುದಿಲ್ಲ’ ಅಂದರು. ಊರಿನ ಎಲ್ಲ ಹೊಲಗಳಲ್ಲೂ ನಿಂತಿದೆ ಅಂತ ನಾನು ಹೇಳಲಾರೆ.

— ರೊಟ್ಟಿ?

— ರೊಟ್ಟಿ ಬಡಿದದ್ದು ಅವ್ವ, ಅತ್ತಿಗೆ, ತಂಗಿ. ಹೊಲದಲ್ಲೂ ಬಡಿಸಿದ್ದು ಅವರೇ, ಕೊನೆಗೆ ಉಂಡದ್ದೂ ಅವರೇ. ಈಗ ನಮ್ಮೂರಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪೇ ಇದೆ. ನೂರು, ಇನ್ನೂರು ಅಂತ ಹೇಳಿಬಿಟ್ಟರೆ ಕಟ್ಟಿ ಕೊಡುತ್ತಾರೆ. ‘ದುಡ್ಡು ಕೊಟ್ಟು ತಂದ ರೊಟ್ಟಿಗೆ ಹಬ್ಬದ ರುಚಿ ಇಲ್ಲ’ ಅಂತ ಗೊಣಗಿದವರು ಗಂಡಸರು, ಒಂದು ದಿನವೂ ಒಲೆ ಮುಂದೆ ಕೂರದವರು. ನನ್ನ ತಂಗಿ ಈಗ ಚರಗ ಚೆಲ್ಲುವವರ ಜೊತೆಗೆ ತಾನೂ ಹೊಲ ಸುತ್ತುತ್ತಾಳೆ. ಅಷ್ಟು ವರ್ಷ ಅವಳು ಆ ಹೊಲದ ಮೂಡಣ ಬದುವನ್ನೇ ಹಬ್ಬದ ದಿನ ನೋಡಿರಲಿಲ್ಲ. ನನಗಂತೂ ಇದು ರುಚಿಗಿಂತ ದೊಡ್ಡದು. ಈಗ ನಿನ್ನ ಕಡೆಯದು ಹೇಳು. ನಿಮ್ಮದು ಬಿಸು ಅಲ್ಲವೇ?

— ಹೌದು, ಪಗ್ಗು ತಿಂಗಳ ಮೊದಲ ದಿನ. ಏಪ್ರಿಲ್ 14ಕ್ಕೋ 15ಕ್ಕೋ ಬರುತ್ತದೆ. 14ಕ್ಕೆ ಬಂದರೆ ಅಂಬೇಡ್ಕರ್ ಜಯಂತಿಯ ರಜೆ ಸಿಗುತ್ತದೆ, 15ಕ್ಕೆ ಬಂದರೆ ಆಫೀಸು. ನಮ್ಮ ಹಬ್ಬದ ಜಾಗ ಮನೆಯ ಒಳಗೇ. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ಕಣಿ ಇಡುತ್ತಾರೆ. ಬಾಳೆಲೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಮಾವು, ಹಲಸು, ಗೇರುಹಣ್ಣು, ಅಡಿಕೆ, ವೀಳ್ಯದೆಲೆ, ಒಂದೆಳೆ ಚಿನ್ನ, ನಡುವೆ ಒಂದು ಕನ್ನಡಿ, ಮುಂದೆ ದೀಪ. ಬೆಳಿಗ್ಗೆ ನಮ್ಮನ್ನು ಕಣ್ಣು ಮುಚ್ಚಿಸಿಯೇ ಎಬ್ಬಿಸಿ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಕಣ್ಣು ಬಿಟ್ಟರೆ ಎದುರಿಗೆ ಅಷ್ಟೂ ಹಣ್ಣು, ಅದರ ಮಧ್ಯೆ ಕನ್ನಡಿಯಲ್ಲಿ ನಮ್ಮ ಮುಖ. ಆಮೇಲೆ ಹಿರಿಯರ ಕಾಲಿಗೆ ಬೀಳುವುದು. ಮಧ್ಯಾಹ್ನ ತೊಂಡೆಕಾಯಿ ಮತ್ತು ಎಳೆ ಗೇರುಬೀಜದ ಪಲ್ಯ, ಹೆಸರುಬೇಳೆ ಪಾಯಸ. ಆ ಎಳೆ ಗೇರುಬೀಜ ಬಿಡಿಸಿದರೆ ಸೊನೆ ತಾಗಿ ಬೆರಳ ತುದಿಯ ಚರ್ಮ ಸುಲಿಯುತ್ತದೆ. ಬಿಸು ಕಳೆದು ಶಾಲೆಗೆ ಹೋದ ಮೇಲೂ ನಮ್ಮ ಬೆರಳು ಕಪ್ಪು.

— ಮನೆಯೊಳಗಿನ ಹಬ್ಬವಾದರೆ ಹೊರಗಿನವರಿಗೆ ಅಲ್ಲಿ ಜಾಗವಿಲ್ಲವಲ್ಲ?

— ಅಲ್ಲೇ ಒಂದು ವಿಷಯ ಉಂಟು. ನಾವು ಧಣಿಗಳ ಮನೆಯವರಲ್ಲ ಮಾಷ್ಟ್ರೇ, ಒಕ್ಕಲು. ಅಜ್ಜ ಗೇಣಿಗೆ ಗದ್ದೆ ಮಾಡಿಕೊಂಡಿದ್ದರು. ಆ ಕಾಲದಲ್ಲಿ ಬಿಸುವಿಗೆ ಒಕ್ಕಲುಗಳು ಹಿತ್ತಲಿನ ಒಳ್ಳೆಯ ಸೌತೆ, ಕುಂಬಳ, ಬಾಳೆಗೊನೆ ಬುಟ್ಟಿಯಲ್ಲಿ ಹೊತ್ತುಕೊಂಡು ಧಣಿಯ ಮನೆಗೆ ಕಾಣಿಕೆ ಕೊಟ್ಟು ಬರಬೇಕಿತ್ತು. ಅಜ್ಜಿ ಹೇಳುತ್ತಿದ್ದರು: ಬೆಳೆದದ್ದರಲ್ಲಿ ದೊಡ್ಡದನ್ನು ಅಲ್ಲಿಗೆ ಕಳಿಸಿ, ಉಳಿದ ಡೊಂಕು ಸೌತೆಯಲ್ಲಿ ನಮ್ಮ ಕಣಿ ಇಡುವುದು. 1974ರಲ್ಲಿ ಭೂಸುಧಾರಣೆ ಜಾರಿಗೆ ಬಂತಲ್ಲ, ದೇವರಾಜ ಅರಸರ ಕಾಲದಲ್ಲಿ, ಆಗ ಅಜ್ಜ ಡಿಕ್ಲರೇಶನ್ ಕೊಟ್ಟರು. ಟ್ರಿಬ್ಯೂನಲ್ಲಿಗೆ ಅಲೆದು ಅಲೆದು ಕೊನೆಗೆ ಭೂಮಿ ಅವರ ಹೆಸರಿಗೆ ಆಯಿತು. ಅದರ ಮುಂದಿನ ಬಿಸುವಿಗೆ ಅಜ್ಜಿ ಹಿತ್ತಲಿನ ಎಲ್ಲಕ್ಕಿಂತ ದೊಡ್ಡ ಸೌತೆಯನ್ನು ನಮ್ಮ ಬಾಳೆಲೆಯ ಮೇಲೆಯೇ ಇಟ್ಟರಂತೆ. ಈ ಮಾತು ಹೇಳುವಾಗ ಅಜ್ಜಿ ಸೌತೆಯ ಅಳತೆಯನ್ನು ಕೈಯಲ್ಲಿ ತೋರಿಸುತ್ತಿದ್ದರು, ಪ್ರತಿ ಸಲ ತೋರಿಸುತ್ತಿದ್ದರು. ನೀವು ಜಾಗ ಅಂದಾಗ ನನಗೆ ಅದೇ ನೆನಪಾದದ್ದು. ಬುಟ್ಟಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಅನ್ನುವುದೇ ನಮ್ಮ ಮನೆಯ ಹೊಸವರ್ಷ.

— ಭಾಳ ದೊಡ್ಡ ಮಾತು ಹೇಳಿದೆ ತಂಗಿ. ಹ್ಞಾಂ, ಅದೇ ನೋಡು. ದಿನ ಅದೇ, ಹಣ್ಣು ಅದೇ, ದೀಪವೂ ಅದೇ. ನೆಲ ಯಾರದ್ದು ಅನ್ನುವುದು ಬದಲಾದ ಕೂಡಲೇ ಹಬ್ಬವೇ ಬೇರೆಯಾಯಿತು. ಒಂದು ಕಾಯ್ದೆ ಮಾಡಿದ ಕೆಲಸ ಇದು. ಇದಕ್ಕೇ ನಾನು ಅನ್ನುವುದು, ಊರು ಅನ್ನಿಸಿಕೊಳ್ಳಬೇಕಾದರೆ ಎಲ್ಲರಿಗೂ ಸೇರಿದ ಒಂದು ನೆಲ ಹಬ್ಬಕ್ಕೆಂದು ಇರಬೇಕು. ಕೊಡಗಿನವರು ಇದನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಪುತ್ತರಿಗೆ ರಾತ್ರಿ ಮುಹೂರ್ತ ನೋಡಿ, ಕೋವಿ ಹಾರಿಸಿ, ಗದ್ದೆಗೆ ಹೋಗಿ ಹೊಸ ಕದಿರು ಕುಯ್ದು ತರುತ್ತಾರೆ. ಅದು ಮನೆತನದ ಹಬ್ಬ. ಆದರೆ ಕೋಲಾಟಕ್ಕೆ ಊರಿನ ಮಂದ್‌ಗೆ ಬರಲೇಬೇಕು. ಊರಿಗೊಂದು ಮಂದ್, ಹಬ್ಬಕ್ಕೆಂದೇ ಬಿಟ್ಟ ಬಯಲು. ಮುಸಲ್ಮಾನರ ಈದ್ಗಾ ಕೂಡ ಹಾಗೇ. ವರ್ಷಕ್ಕೆ ಎರಡು ಈದ್ ನಮಾಜಿಗೆ ಊರಿನವರೆಲ್ಲ ಒಂದು ಬಯಲಿನಲ್ಲಿ ಸಾಲಾಗಿ ನಿಲ್ಲುವ ಜಾಗ.

— ನಮ್ಮಲ್ಲಿ ಕ್ಯಾಥೊಲಿಕರ ಮೊಂತಿ ಹಬ್ಬವೂ ಉಂಟು, ಸೆಪ್ಟೆಂಬರ್ 8ಕ್ಕೆ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದು ಕೊಡುತ್ತಾರೆ. ಮನೆಗೆ ತಂದು ಅಕ್ಕಿ ಸುಲಿದು ಪಾಯಸಕ್ಕೆ ಹಾಕುತ್ತಾರೆ, ಆ ದಿನ ಮೀನು ಮಾಂಸ ಇಲ್ಲ, ಬಾಳೆಲೆ ಊಟ. ಗದ್ದೆ ಇಲ್ಲದವರ ಮನೆಗೂ ಒಂದು ತೆನೆ ತಲುಪುತ್ತದೆ, ಅದು ನನಗೆ ಇಷ್ಟ. ಆದರೆ ಮಾಷ್ಟ್ರೇ, ಬೆಂಗಳೂರಿನಲ್ಲಿ ಮಂದ್ ಎಲ್ಲಿಂದ ತರುವುದು? ಇಲ್ಲಿ ಮೂವತ್ತೊಂದರ ರಾತ್ರಿಗೆ ಒಂದು ಬಯಲು ಅಂತ ಇದ್ದರೆ ಅದು ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆ.

— ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಹೋಗಬಹುದಾದ ಜಾಗ. ನಾನು ಅದನ್ನು ಮೆಚ್ಚುತ್ತೇನೆ. ಡೆಲಿವರಿ ಹುಡುಗನೂ ಕಂಪನಿ ಮ್ಯಾನೇಜರನೂ ಒಂದೇ ದೀಪದ ಸಾಲಿನ ಕೆಳಗೆ ನಿಲ್ಲುತ್ತಾರೆ.

— ಹುಡುಗಿ ನಿಲ್ಲಬಹುದಾ ಅಂತ ಕೇಳಿ. ನಾನು ಕಾಲೇಜು ಮುಗಿಸಿ ಹೊಸದಾಗಿ ಇಲ್ಲಿಗೆ ಬಂದಾಗ ಗೆಳತಿಯರ ಜೊತೆ ಹೋಗಿದ್ದೆ. ಗುರುತೇ ಇಲ್ಲದವರು ಕೈ ಬೀಸಿ ಶುಭಾಶಯ ಹೇಳುತ್ತಿದ್ದರು, ಯಾರೋ ಪೀಪಿ ಕೊಟ್ಟರು. ಈ ಊರು ನನ್ನದೂ ಹೌದು ಅಂತ ಮೊದಲ ಸಲ ಅನ್ನಿಸಿದ್ದು ಆ ರಾತ್ರಿ. ಆಮೇಲೆ 2016ರ ಡಿಸೆಂಬರ್ 31 ಬಂತು. ಅದೇ ರಸ್ತೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದರು, ಅವರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು, ಪೊಲೀಸರ ಹಿಂದೆ ನಿಂತು ಅತ್ತರು. ದೇಶವೆಲ್ಲ ಅದನ್ನು ನೋಡಿತು. ಆಮೇಲಿಂದ ಬ್ಯಾರಿಕೇಡು, ಕ್ಯಾಮೆರಾ, ಮಹಿಳಾ ಪೊಲೀಸರು ಎಲ್ಲ ಹೆಚ್ಚಾಗಿದೆ, ಒಳ್ಳೆಯದೇ. ಆದರೆ ನನ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ಇವತ್ತಿಗೂ ಕಾಲು ಬರುವುದಿಲ್ಲ. ಅವಳು ಹೆದರದೆ ಕುಣಿಯಬೇಕು. ಅದಕ್ಕೇ ಕ್ಲಬ್ ಹೌಸ್. ನಿಮಗೆ ಅದು ಮುಚ್ಚಿದ ಕೋಣೆ ಅನ್ನಿಸುತ್ತದೆ, ನನಗೆ ಮಗಳು ಕುಣಿಯಬಹುದಾದ ಜಾಗ.

— ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಹೆಣ್ಣುಮಗಳು ಹೆದರುವ ಬಯಲನ್ನು ಬಯಲು ಅನ್ನಬಾರದು. ಕ್ಲಬ್ ಹೌಸ್ ಬೇಡ ಅಂತ ನಾನು ಎಂದೂ ಅನ್ನುವುದಿಲ್ಲ ಇನ್ನು.

— ಆದರೂ ಬರುವುದಿಲ್ಲ ಅಂದಿರಿ.

— ಹೇಳುತ್ತೇನೆ, ತಾಳು. ಯುಗಾದಿಯ ಮಾತು ಸ್ವಲ್ಪ ಬರಲಿ. ಇಲ್ಲಿನ ನಮ್ಮ ಹಬ್ಬ ಹೇಗಿದೆ ನೋಡು. ಬಾಗಿಲಿಗೆ ಮಾವಿನ ತೋರಣ, ಬೇವು ಬೆಲ್ಲ, ಒಬ್ಬಟ್ಟು, ಆಮೇಲೆ ಟಿ.ವಿ. ಕದ ಹಾಕಿರುತ್ತದೆ. ಮಂಡ್ಯ, ರಾಮನಗರದ ಕಡೆ ಯುಗಾದಿ ಎರಡು ದಿನದ ಊರ ಕೆಲಸ. ಹೊನ್ನಾರು ಕಟ್ಟುತ್ತಾರೆ, ನೇಗಿಲು, ಎತ್ತು ಸಿಂಗರಿಸಿ ಊರವರೆಲ್ಲ ಸೇರಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಮರುದಿನ ಹೊಸತೊಡಕು. ಗುಡ್ಡೆ ಮಾಂಸ ನೋಡಿದ್ದೀಯಾ? ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಕುರಿ, ಮೇಕೆ ತಂದು, ನಸುಕಿಗೇ ಕೊಯ್ದು, ತಾಳಪತ್ರಿಯ ಮೇಲೆ ಸಮ ಗುಡ್ಡೆ ಹಾಕುತ್ತಾರೆ. ಎಲುಬು, ಈಲಿ, ತೊಡೆ ಎಲ್ಲ ಪ್ರತಿ ಗುಡ್ಡೆಗೂ ಒಂದೊಂದು ಚೂರು ಬರಬೇಕು. ತಕ್ಕಡಿಗಿಂತ ಸುತ್ತ ನಿಂತವರ ಕಣ್ಣೇ ಅಲ್ಲಿ ದೊಡ್ಡ ಲೆಕ್ಕ. ಯಾರೂ ಅಂಗಡಿಯ ಗಿರಾಕಿಯಲ್ಲ, ಎಲ್ಲರೂ ಪಾಲುದಾರರು. 2025ರಲ್ಲಿ ಯುಗಾದಿ ಮಾರ್ಚ್ 30, ಮರುದಿನ ಹೊಸತೊಡಕು, ಅದೇ ದಿನ ರಂಜಾನ್ ಹಬ್ಬ.

— ಹೌದು, ಮಟನ್ ಅಂಗಡಿಯ ಸಾಲು ಮೇನ್ ರೋಡಿನವರೆಗೆ ಬಂದಿತ್ತು. ಅತ್ತರು ಹಚ್ಚಿಕೊಂಡವರೂ ವಿಭೂತಿ ಹಚ್ಚಿಕೊಂಡವರೂ ಒಂದೇ ಸಾಲಿನಲ್ಲಿ ನಿಂತಿದ್ದರು.

— ಎರಡೂ ಚಂದ್ರನ ಲೆಕ್ಕದ ಹಬ್ಬ. ನಾವು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಋತುವಿಗೆ ಕಟ್ಟಿಕೊಳ್ಳುತ್ತೇವೆ, ಅವರು ಸೇರಿಸುವುದಿಲ್ಲ, ಹಾಗಾಗಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಬರುತ್ತಾ ಹೋಗುತ್ತದೆ. ಕೆಲವು ವರ್ಷ ಹೀಗೆ ಕೂಡುತ್ತವೆ. 2026ರಲ್ಲೂ ಯುಗಾದಿ ಮಾರ್ಚ್ 19, ಈದ್ ಅದರ ಬೆನ್ನಿಗೇ. ಅಂದರೆ ಯುಗಾದಿ ಕಳೆದ ಸಂಜೆ ಅವರೂ ನಾವೂ ನೋಡುವುದು ಅದೇ ಎಳೆಚಂದ್ರನನ್ನು. ಹಳೇ ಮೈಸೂರಿನವರು ಆ ಸಂಜೆ ಪಡುವಣದ ಬಯಲಿಗೆ ಬಂದು ಚಂದ್ರನನ್ನು ನೋಡಿ, ಹಿರಿಯರಿಗೆ ನಮಸ್ಕಾರ ಮಾಡುತ್ತಾರೆ. ನಮ್ಮ ಬಿಲ್ಡಿಂಗಿನ ಪಡುವಣಕ್ಕೆ ಇನ್ನೊಂದು ಬಿಲ್ಡಿಂಗ್. ಟೆರೇಸಿಗೆ ಹೋಗಬಹುದು, ಅದಕ್ಕೆ ಬೀಗ.

— ನಿಮ್ಮ ಮಗ ಅಮೆರಿಕದಲ್ಲಿ ಏನು ಮಾಡುತ್ತಾರೆ ಯುಗಾದಿಗೆ?

— ಅಲ್ಲಿನ ಕನ್ನಡ ಕೂಟ ಯುಗಾದಿಯನ್ನು ಹತ್ತಿರದ ಶನಿವಾರಕ್ಕೆ ಸರಿಸುತ್ತದೆ. ಒಂದು ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ. ಒಣಗಿದ ಬೇವಿನ ಹೂವು ಊರಿನಿಂದ ಹೋದದ್ದು. ಹೋದ ವರ್ಷ ಫೋನಿನಲ್ಲಿ ತೋರಿಸಿದ: ಬೀದರದವನು, ಪುತ್ತೂರಿನವನು, ಚಾಮರಾಜನಗರದವಳು ಒಂದೇ ಮೇಜಿನಲ್ಲಿ ಕೂತು ಹುಳಿಯನ್ನ ತಿನ್ನುತ್ತಿದ್ದರು. ತಿಥಿ ತಪ್ಪಿದ್ದು ನನಗೆ ಏನೂ ಅನ್ನಿಸಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿ ಇಟ್ಟು, ನೆಲ ಒರೆಸಿ ಬರಬೇಕಂತೆ. ಡಾಕ್ಟರು, ಎಂಜಿನಿಯರು ಎಲ್ಲರೂ ಒರೆಸುತ್ತಾರೆ. ನನ್ನ ಮಗ ಪೊರಕೆ ಹಿಡಿದದ್ದನ್ನು ಅವತ್ತೇ ನೋಡಿದ್ದು. ಇಲ್ಲಿ ನಮ್ಮ ಕ್ಲಬ್ ಹೌಸನ್ನು ಒಂದನೇ ತಾರೀಖು ಬೆಳಿಗ್ಗೆ ಯಾರು ತೊಳೆಯುತ್ತಾರೆ?

— ಹೌಸ್‌ಕೀಪಿಂಗ್‌ನವರು. ಅವತ್ತು ಒಂದು ತಾಸು ಮುಂಚೆ ಬರಬೇಕು ಅಂತ ಹೇಳಿದ್ದೇವೆ.

— ಅವರಲ್ಲಿ ಒಬ್ಬಳು ಸೇಡಂ ಕಡೆಯವಳು. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡಿರು ಗುಳೆ ಬಂದವರು, ಇಲ್ಲೇ ಉಳಿದರು. ಎಳ್ಳಮಾವಾಸ್ಯೆ ಅವಳ ಹಬ್ಬವೂ ಹೌದು, ಹೋಗಿ ಬರಲು ಮೂರು ದಿನದ ಕೂಲಿ ಹೋಗುತ್ತದೆ ಅಂತ ಹೋಗಲಿಲ್ಲ. ಹೋಳಿಗೆ ಮೊದಲು ಅವಳಿಗೆ ಕೊಟ್ಟೇ ನಿನ್ನಲ್ಲಿಗೆ ಬಂದೆ. ನಾನು ಬರುವುದಿಲ್ಲ ಅಂದದ್ದು ಇದಕ್ಕೇ ತಂಗಿ. ಹೋದ ವರ್ಷ ಬಂದಿದ್ದೆನಲ್ಲ. ಒಳಗೆ ಮಕ್ಕಳು ಕುಣಿಯುತ್ತಿದ್ದರು, ಮನಸ್ಸು ತುಂಬಿತು. ಹನ್ನೆರಡಕ್ಕೆ ಎಲ್ಲರೂ ಕೂಗಿದಾಗ ಗಾಜಿನ ಆಚೆ ಗೇಟಿನ ಹುಡುಗ ಸ್ವೆಟರ್ ತೋಳಿನಲ್ಲಿ ಕೈ ಮುಚ್ಚಿಕೊಂಡು ಒಳಗೆ ನೋಡುತ್ತಿದ್ದ. ನನಗೆ ಬದುವಿನ ಆಚೆ ಕೂತವರು ಕಣ್ಣ ಮುಂದೆ ಬಂದರು. ಕೇಕ್ ಗಂಟಲಲ್ಲಿ ಇಳಿಯಲಿಲ್ಲ.

— ಆ ಹುಡುಗ ಅಸ್ಸಾಮಿನವನು. ರಾತ್ರಿ ಪಾಳಿಯ ಇನ್ನೊಬ್ಬರು ಒಡಿಶಾದವರು, ಬಿ ಬ್ಲಾಕಿನವರು ನೇಪಾಳಿ. ಅಸ್ಸಾಮಿನವನು ಕಳೆದ ಏಪ್ರಿಲ್‌ನಲ್ಲಿ ಬಿಹುವಿಗೆ ಊರಿಗೆ ಹೋಗಬೇಕು ಅಂತ ರಜೆ ಕೇಳಿದ್ದ. ಅವನ ಕಡೆ ಅದೇ ಹೊಸವರ್ಷ ಅಂತೆ, ಏಪ್ರಿಲ್ ನಡುವೆ. ಏಜೆನ್ಸಿಯವರು ಕೊಡಲಿಲ್ಲ. ಮಾಷ್ಟ್ರೇ, ಒಂದು ನಿಮಿಷ. ಏಪ್ರಿಲ್ ನಡುವೆ ಅಂದರೆ ಬಿಸು ಹೊತ್ತಿಗೇ ಅಲ್ಲವಾ?

— ಬಿಸುವೇ. ಸೂರ್ಯ ಮೇಷ ರಾಶಿಗೆ ಬರುವ ದಿನ. ನಿಮ್ಮ ಬಿಸು, ಕೇರಳದ ವಿಷು, ತಮಿಳರ ಪುತ್ತಾಂಡು, ಬಂಗಾಳದ ಪೊಯ್ಲಾ ಬೈಶಾಖ, ಒಡಿಶಾದ ಪಣಾ ಸಂಕ್ರಾಂತಿ, ಅಸ್ಸಾಮಿನ ರಂಗಾಲಿ ಬಿಹು, ಪಂಜಾಬಿನ ಬೈಸಾಖಿ, ನೇಪಾಳದ ಬೈಶಾಖ 1, ಎಲ್ಲ ಅದೇ ಒಂದೆರಡು ದಿನದೊಳಗೆ. ಸಿಂಹಳೀಯರದ್ದೂ ಅದೇ ಹೊತ್ತಿಗೆ. ಎಲ್ಲರ ಲೆಕ್ಕದ ಬೇರು ಒಂದೇ.

— ಅಂದರೆ ನನ್ನದೂ ಗೇಟಿನ ಮೂವರದ್ದೂ ಹೊಸವರ್ಷ ಒಟ್ಟಿಗೇ ಬರುತ್ತದೆ. ಇಷ್ಟು ವರ್ಷ ಬಿಸುವಿನ ದಿನ ಕದ ಹಾಕಿಕೊಂಡು ಪಾಯಸ ಉಂಡು, ಗೇಟಿನಲ್ಲಿ ಅವರಿಗೆ ಗುಡ್ ಮಾರ್ನಿಂಗ್ ಹೇಳಿ ಆಫೀಸಿಗೆ ಹೋಗಿದ್ದೇನೆ. 2026ರಲ್ಲಿ ಏನು ಬರುತ್ತದೆ?

— 2026ರಲ್ಲಿ ಸಂಕ್ರಮಣ ಏಪ್ರಿಲ್ 14, ಮಂಗಳವಾರ ಬೆಳಿಗ್ಗೆ. ಕೆಲವರು ಅಂದೇ ಮಾಡುತ್ತಾರೆ, ಕೆಲವರು ಮರುದಿನ. ಹದಿನಾಲ್ಕು ರಜೆ.

— ಹದಿನಾಲ್ಕರ ಸಂಜೆಯೇ ಇರಲಿ. ಕ್ಲಬ್ ಹೌಸ್ ಬೇಡ, ಅದರ ಗಾಜಿನ ಬಾಗಿಲು ಬೇಡ. ಪಾರ್ಕಿಂಗಿನ ಮುಂದಿನ ಅಂಗಳದಲ್ಲಿ ಕಾರು ಸರಿಸಿ ಜಮಖಾನ ಹಾಸುವುದು. ಕಣಿ ನಾನಿಡುತ್ತೇನೆ. ಒಡಿಶಾದವರನ್ನು ಕೇಳಿದರೆ ಅವರ ಬಿಲ್ವದ ಹಣ್ಣಿನ ಪಾನಕ ಹೇಗೆ ಅಂತ ಹೇಳುತ್ತಾರೆ. ಬಿಹುವಿಗೆ ಅಕ್ಕಿಹಿಟ್ಟಿನ ಪಿಠಾ ಮಾಡುತ್ತಾರಂತೆ, ಅಡುಗೆಯವರಿಂದ ಮಾಡಿಸೋಣ. ಅವರೇ ಮಾಡಿ ಬಡಿಸಲಿ ಅಂತ ಮಾತ್ರ ಆಗಬಾರದು. ಬಡಿಸುವುದು ನಾವು.

— ಒಂದೇ ಪಂಕ್ತಿ ಅಂತ ನೋಟಿಸಿನಲ್ಲಿ ಬರೆ. ಬಾಬಾಸಾಹೇಬರ ಹುಟ್ಟುಹಬ್ಬದ ದಿನ ಅದನ್ನು ಬರೆಯುವುದು ನ್ಯಾಯ. ಸೇಡಂನವಳು ಬರಬೇಕಾದರೆ ಅವತ್ತು ಅವಳಿಗೆ ಕೂಲಿ ಸಮೇತ ರಜೆ ಕೊಡಬೇಕು, ಅದನ್ನೂ ಬರೆ. ಇಲ್ಲವಾದರೆ ಹಬ್ಬ ಅವಳಿಗೆ ಇನ್ನೊಂದು ಕೆಲಸ.

— ಪಾಳಿ ಬದಲಾಗುವುದು ರಾತ್ರಿ ಎಂಟಕ್ಕೆ. ಏಳೂವರೆಗೆ ಎಲೆ ಹಾಕಿದರೆ ಹಗಲಿನವರೂ ಸಿಗುತ್ತಾರೆ, ರಾತ್ರಿಯವರೂ ಸ್ವಲ್ಪ ಮುಂಚೆ ಬರುತ್ತಾರೆ. ಆದರೆ ಆ ಒಂದು ತಾಸು ಗೇಟಿಗೆ ಯಾರಾದರೂ ಬೇಕಲ್ಲ?

— ನಾನು ಕೂರುತ್ತೇನೆ. ಮೂರನೇ ಮಹಡಿಯ ಕರ್ನಲ್ ಸಾಹೇಬರನ್ನೂ ಕೇಳುತ್ತೇನೆ, ಇಬ್ಬರು ಸಾಕು. ಏಪ್ರಿಲ್ ತನಕ ಯಾಕೆ ಕಾಯಬೇಕು, ಮೂವತ್ತೊಂದಕ್ಕೇ ಶುರು ಮಾಡಬಹುದು. ಪಾಳಿ ಹಂಚಿಕೊಂಡು ಅರ್ಧರ್ಧ ತಾಸು ಗೇಟಿನಲ್ಲಿ ನಾವು ಕೂತರೆ ಹನ್ನೆರಡಕ್ಕೆ ಆ ಹುಡುಗ ಒಳಗಿರುತ್ತಾನೆ.

— ಕಮಿಟಿಯವರು ಒಪ್ಪುತ್ತಾರಾ? ಏಜೆನ್ಸಿಯ ನಿಯಮ ಅಂತ ಹೇಳಬಹುದು.

— ಇವತ್ತು ಸಂಜೆಯೇ ಹೋಗಿ ಕೇಳೋಣ, ನೀನೂ ಬಾ. ಊಟದ ಲೆಕ್ಕ ಅಡುಗೆಯವರಿಗೆ ಕೊಟ್ಟಾಗಿದೆಯಾ?

— ಇಲ್ಲ, ನಾಳೆ ಕೊಡಬೇಕು. ಗೇಟಿನವರು, ಹೌಸ್‌ಕೀಪಿಂಗ್‌ನವರು, ಲಿಫ್ಟ್ ನೋಡಿಕೊಳ್ಳುವವರು, ತೋಟದ ತಾತ... ಅವರ ಹೆಸರುಗಳೆಲ್ಲ ನನಗೆ ಗೊತ್ತಿಲ್ಲ ಮಾಷ್ಟ್ರೇ, ಕೇಳಿ ಬರೆದುಕೊಳ್ಳುತ್ತೇನೆ. ನಿಮ್ಮದು?

— ನನ್ನದೂ ಬರಕೋ. ವಂತಿಗೆ ಎರಡು ಮನೆಯದ್ದು ಕೊಡುತ್ತೇನೆ.